ಕುಳಿತೇ ಎಸೆದ ಗುಂಡು

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಎರೆಮಣ್ಣಿನ ಕೆಳಗೆ ಸುಣ್ಣದ ಕಲ್ಲು. ಕೆಲವೆಡೆ ಅದು ಹಾಸುಗಲ್ಲಾಗಿ ಊರೂರಿನ ಮನೆ ಸೇರುತ್ತದೆ, ಕೆಲವೆಡೆ ಪುಡಿಯಾಗಿ ಸಿಮೆಂಟಾಗುತ್ತದೆ. ಭಾರ ಎತ್ತುವುದು ಇಲ್ಲಿಯ ಹೆಣ್ಣುಮಕ್ಕಳಿಗೆ ಹೊಸದೇನಲ್ಲ. ಆದರೂ ಶಾಲೆಯ ಕ್ರೀಡಾಕೂಟದಲ್ಲಿ ಹುಡುಗಿಯೊಬ್ಬಳು ಗುಂಡು ಎಸೆತಕ್ಕೆ ಹೆಸರು ಕೊಟ್ಟರೆ ‘ಗಂಡುಬೀರಿ’ ಎಂಬ ಮಾತು ಕೇಳಿಬರುವುದುಂಟು. ನಡೆಯಲಾರದ ಹುಡುಗಿಯಾದರೆ ಹೆಸರು ಕೇಳುವವರೇ ಕಡಿಮೆ. ಗೆಳತಿಯರ ಚೀಲ, ಚಪ್ಪಲಿ ಕಾಯುತ್ತ ಮರದ ನೆರಳಿನಲ್ಲಿ ಕೂರುವುದೇ ಅವಳ ಪಾಲಿನ ಕ್ರೀಡೆ. ಅಂಥ ಹುಡುಗಿಯ ತಂದೆ ತಾಯಿಗಳಿಗೆ ಮಾಲತಿ ಹೊಳ್ಳರ ಕಥೆ ಗೊತ್ತಿರಬೇಕು.

ಮಾಲತಿ ಹುಟ್ಟಿದ್ದು 1958ರಲ್ಲಿ. ಮನೆತನ ಉಡುಪಿ ಸೀಮೆಯ ಕೋಟದ್ದು. ತಂದೆ ಸಣ್ಣದೊಂದು ಹೋಟೆಲ್ ನಡೆಸುತ್ತಿದ್ದರು. ಮಗು ನಡೆಯಲು ಕಲಿಯುವ ಹೊತ್ತಿಗೆ ಜ್ವರ ಬಂತು. ಜ್ವರ ಇಳಿಯಿತು, ಮೈ ಮಾತ್ರ ಏಳಲಿಲ್ಲ. ಪೋಲಿಯೊ. ಸುಮಾರು ಎರಡು ವರ್ಷ ವಿದ್ಯುತ್ ಚಿಕಿತ್ಸೆ ಕೊಡಿಸಿದ ಮೇಲೆ ಸೊಂಟದ ಮೇಲ್ಭಾಗಕ್ಕೆ ಬಲ ಮರಳಿತು, ಕಾಲುಗಳಿಗೆ ಮರಳಲಿಲ್ಲ. ಮುಂದಿನ ಸುಮಾರು ಹದಿನೈದು ವರ್ಷ ಆಕೆ ಬೆಳೆದದ್ದು ತವರಿನಲ್ಲಲ್ಲ, ಮದ್ರಾಸಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಎಳೆಯ ಮಗಳನ್ನು ಅಷ್ಟು ದೂರ ಬಿಟ್ಟು ಬರುವುದು ಯಾವ ತಾಯಿಗೂ ಸುಲಭವಲ್ಲ. ಆದರೆ ಅಲ್ಲಿ ಸುತ್ತಲಿದ್ದ ಮಕ್ಕಳೆಲ್ಲ ಆಕೆಯಂತೆಯೇ ಇದ್ದವರು. ಓಟದಲ್ಲಿ ಹಿಂದೆ ಬಿದ್ದೆನೆಂದು ಮರುಗಲು ಅಲ್ಲಿ ಕಾರಣವಿರಲಿಲ್ಲ. ಕಾಲೇಜಿಗೆಂದು ಬೆಂಗಳೂರಿಗೆ ಮರಳಿದ ಮಾಲತಿ ಗಾಲಿಕುರ್ಚಿಯ ಓಟಕ್ಕೂ ಎಸೆತಕ್ಕೂ ಇಳಿದರು.

ಗುಂಡು ಎಸೆತ ತೋಳಿನ ಆಟವೆಂದು ನೋಡುವವರಿಗೆ ಅನ್ನಿಸುತ್ತದೆ. ನಿಜವಾಗಿ ಅದು ಕಾಲಿನ ಆಟ. ಮಹಿಳೆಯರ ಗುಂಡು 4 ಕಿಲೊ, ವೃತ್ತದ ಅಡ್ಡಳತೆ 2.135 ಮೀಟರ್. ಇಷ್ಟೇ ಜಾಗದಲ್ಲಿ ಕ್ರೀಡಾಪಟು ಹಿಂದಿನಿಂದ ಜಾರಿ ಬರುತ್ತಾಳೆ, ಇಲ್ಲವೇ ಬುಗುರಿಯಂತೆ ಸುತ್ತಿ ಬರುತ್ತಾಳೆ. ನೆಲವನ್ನು ಒದ್ದ ಕಾಲಿನ ಬಲ ಸೊಂಟಕ್ಕೆ, ಸೊಂಟದಿಂದ ಹೆಗಲಿಗೆ ಏರುತ್ತದೆ. ಕೈ ಮಾಡುವುದು ಕೊನೆಯ ತಳ್ಳು ಮಾತ್ರ. ಕತ್ತಿನ ಬಳಿ ಹಿಡಿದ ಗುಂಡನ್ನು ಚೆಂಡಿನಂತೆ ಬೀಸಿ ಒಗೆಯುವಂತಿಲ್ಲ, ತಳ್ಳಲೇಬೇಕು. ಈಗ ಕಾಲಿನ ಕೆಲಸವನ್ನೆಲ್ಲ ತೆಗೆದುಹಾಕಿ ನೋಡಿ. ಕುಳಿತು ಎಸೆಯುವವಳಿಗೆ ಉಳಿಯುವುದು ಬೆನ್ನು, ಹೆಗಲು, ತೋಳು ಅಷ್ಟೆ. ಆಸನದಿಂದ ಏಳುವಂತಿಲ್ಲ. ದೂರ ಕಡಿಮೆಯಾದೀತು, ಶ್ರಮ ಕಡಿಮೆಯಲ್ಲ.

ಹೀಗೆ ಎಸೆಯುತ್ತಲೇ ಮಾಲತಿ 1988ರ ಸೋಲ್ ಪ್ಯಾರಾಲಿಂಪಿಕ್ಸ್‌ಗೂ 1992ರ ಬಾರ್ಸಿಲೋನಾಕ್ಕೂ ಹೋದರು. ಆ ಎರಡು ಕೂಟಗಳಿಂದಲೂ ಭಾರತ ತಂಡ ಒಂದು ಪದಕವೂ ಇಲ್ಲದೆ ಮರಳಿತು. ನಡುವೆ 1989ರಲ್ಲಿ ಡೆನ್ಮಾರ್ಕಿನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ 200 ಮೀಟರ್ ಓಟ, ಗುಂಡು, ಚಕ್ರ, ಭರ್ಜಿ, ನಾಲ್ಕರಲ್ಲೂ ಆಕೆಗೆ ಚಿನ್ನ. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂದವು. ಪ್ಯಾರಾಲಿಂಪಿಕ್ಸ್ ಪದಕ ಭಾರತದ ಮಹಿಳೆಯೊಬ್ಬರಿಗೆ ಮೊದಲು ಸಿಕ್ಕಿದ್ದು 2016ರಲ್ಲಿ, ರಿಯೊದಲ್ಲಿ. ಅದೂ ಗುಂಡು ಎಸೆತದಲ್ಲೇ: ಹರಿಯಾಣದ ದೀಪಾ ಮಲಿಕ್ 4.61 ಮೀಟರ್ ಎಸೆದು ಬೆಳ್ಳಿ ಗೆದ್ದರು. ಸೋಲ್‌ನಿಂದ ರಿಯೊಗೆ ಇಪ್ಪತ್ತೆಂಟು ವರ್ಷ. ಮೊದಲು ಹೋದವರ ಪಾಲಿಗೆ ಹೆಚ್ಚಾಗಿ ಬರುವುದು ದಾರಿ ಸವೆಸುವ ಕೆಲಸವೇ.

ಆಟ ಅನ್ನ ಕೊಡುತ್ತದೆಯೇ ಎಂದು ಪಾಲಕರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಮಾಲತಿಯವರಿಗೆ ಅನ್ನ ಕೊಟ್ಟದ್ದು ಓದು. ಸಿಂಡಿಕೇಟ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಮ್ಯಾನೇಜರ್ ಹುದ್ದೆಯವರೆಗೆ ಏರಿದರು. ಗೆಳೆಯರೊಂದಿಗೆ ಕಟ್ಟಿದ ‘ಮಾತೃ ಫೌಂಡೇಷನ್’ ಮೂಲಕ ಬಡ ವಿಕಲಚೇತನ ಮಕ್ಕಳಿಗೆ ಆಸರೆ ಕೊಟ್ಟರು. ಅವರಲ್ಲಿ ಹಲವರು ಚಿಕಿತ್ಸೆಗೂ ಶಾಲೆಗೂ ಗತಿಯಿಲ್ಲದ ಹಳ್ಳಿಯ ಮನೆಗಳವರು. ಹಾಗಾದರೆ ಆಟ ಕೊಟ್ಟದ್ದೇನು? ‘ಪಾಪ, ಕಾಲಿಲ್ಲದವಳು’ ಎಂದು ನೋಡುತ್ತಿದ್ದವರು ‘ಎಷ್ಟು ದೂರ ಎಸೆದಳು?’ ಎಂದು ಕೇಳುವಂತಾಯಿತು. ಹದಿಹರೆಯದ ಹುಡುಗಿಗೆ ಇದು ಸಣ್ಣ ಲಾಭವಲ್ಲ.

ಭಾರತ ಸೇರಿದ ಆಗ್ನೇಯ ಏಷ್ಯಾ ವಲಯ ಪೋಲಿಯೊಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಚ್‌ನಲ್ಲಿ ಘೋಷಿಸಿತು. ಮಾಲತಿಯವರ ಕಾಲು ಕಸಿದ ರೋಗ ಇಂದಿನ ಮಕ್ಕಳನ್ನು ಕಾಡುತ್ತಿಲ್ಲ. ಆದರೆ ಹೆರಿಗೆಯ ಹೊತ್ತಿನ ತೊಂದರೆ, ರಸ್ತೆ ಅಪಘಾತ, ಮರದಿಂದ ಬಿದ್ದು ಬೆನ್ನುಹುರಿಗೆ ಆಗುವ ಪೆಟ್ಟು ನಿಂತಿಲ್ಲ. 2016ರ ಕಾಯ್ದೆ ಇಂಥವರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 4, ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲು ಇಟ್ಟಿದೆ. ಅಲ್ಲಿಯ ತನಕ ತಲುಪಲು ಮಗು ಮೊದಲು ಮನೆಯ ಹೊಸ್ತಿಲು ದಾಟಬೇಕಲ್ಲ!

ಮೈದಾನಕ್ಕೆ ಬಂದ ಮೇಲೆ ಬೇಕಾಗುವುದೂ ಹೆಚ್ಚೇನಲ್ಲ. ಕುಳಿತು ಎಸೆಯುವವರ ಆಸನಕ್ಕೆ ಗಾಲಿ ಬೇಡ, ಅಲುಗಾಡುವ ಭಾಗ ಇರಕೂಡದು. ಮೆತ್ತೆಯೂ ಸೇರಿ ಎತ್ತರ 75 ಸೆಂಟಿಮೀಟರ್ ಮೀರಬಾರದು. ಎಸೆಯದ ಕೈಗೆ ಹಿಡಿಯಲು ನೆಟ್ಟಗಿನ ಒಂದು ಕಂಬಿ, ಸೊಂಟಕ್ಕೂ ಕಾಲಿಗೂ ಪಟ್ಟಿ, ಎಸೆಯುವಾಗ ಮಗುಚದಂತೆ ನಾಲ್ಕು ಕಡೆ ನೆಲಕ್ಕೆ ಬಿಗಿತ. ಕಬ್ಬಿಣದ ಕೊಳವೆ ಕೊಟ್ಟು ಮಗುವನ್ನು ಕೂರಿಸಿ ಅಳತೆ ತೋರಿಸಿದರೆ, ವಾಡಿಯಲ್ಲಾಗಲಿ ಶಹಾಬಾದಿನಲ್ಲಾಗಲಿ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡಬಲ್ಲ ಕೆಲಸ ಅದು.