ಬಾವಿಮನೆ ಅಮ್ಮನ ಮಾತು

ನಿಮ್ಮೂರಲ್ಲಿ ಪಕ್ಕದ ಮನೆಯವರು ಇನ್ನೂ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿಕೊಂಡು ಬರುತ್ತಾರಾ? ಬರುತ್ತಿದ್ದರೆ ನೀವು ಪುಣ್ಯವಂತರು. ನಮ್ಮ ಬಡಾವಣೆಯ ಕಥೆ ಕೇಳಿ.

1979ರಲ್ಲಿ ನಾವು ಬೆಂಗಳೂರಿನ ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ ನಮ್ಮ ಬೀದಿ ಊರಾಚೆಯೇ. 30-40ರ ಸೈಟು, ಎರಡು ಕೋಣೆ, ಹಿತ್ತಲಲ್ಲಿ ಒಂದು ಒಗೆಯುವ ಕಲ್ಲು. "ಇಲ್ಲಿಗೆ ಕಳ್ಳರೂ ಬರೋಲ್ಲ ಕಣೇ, ಬಸ್ಸೇ ಇಲ್ವಲ್ಲ" ಅಂತ ನಮ್ಮವರು ತಮಾಷೆ ಮಾಡುತ್ತಿದ್ದರು.

ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. ನಮ್ಮ ಬೀದಿಯ ನಲ್ಲಿಗೆ ಬರಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯತನಕ ಪಕ್ಕದ ಮನೆಯ ಬಾವಿಯೇ ಗತಿ. ಆ ಮನೆಯಾಕೆಯನ್ನು ನಾವೆಲ್ಲ "ಬಾವಿಮನೆ ಅಮ್ಮ" ಎನ್ನುತ್ತಿದ್ದೆವು. ಮೊದಲ ದಿನ ನಾನು ಬಿಂದಿಗೆ ಹಿಡಿದು ಸಂಕೋಚದಿಂದ ನಿಂತಿದ್ದಾಗ, "ನೀರು ಕೇಳಬಾರದಮ್ಮ, ಬಂದು ಸೇದ್ಕೊಂಡು ಹೋಗ್ಬೇಕು" ಅಂದರು. ಬಾಣಂತಿಯಾಗಿದ್ದಾಗ ನನ್ನ ಹಂಡೆಗೆ ತಾವೇ ನೀರು ತುಂಬಿಸಿದವರು ಅವರು.

ಆಮೇಲೆ ನಲ್ಲಿ ಬಂತು. ಮನೆಮನೆಗೂ ಸಂಪು, ಮೇಲೊಂದು ಟ್ಯಾಂಕು. ಬಾವಿಕಟ್ಟೆ ಬರಿದಾಯಿತು. ಮುಳ್ಳುಬೇಲಿ ಇದ್ದಲ್ಲಿ ಆಳೆತ್ತರದ ಕಾಂಪೌಂಡು ಎದ್ದಿತು. ಸುಳ್ಳೇಕೆ, ನಾವೂ ಎಬ್ಬಿಸಿದೆವು. ಬಾವಿಮನೆ ಅಮ್ಮ ತೀರಿಕೊಂಡ ಮೇಲೆ ಮಕ್ಕಳು ಮನೆ ಮಾರಿದರು. ಬಾವಿಗೆ ಮಣ್ಣು ಬಿತ್ತು. ಆಚೆಯ ಸೈಟನ್ನೂ ಸೇರಿಸಿ ನಾಲ್ಕಂತಸ್ತಿನ ಫ್ಲ್ಯಾಟು ಎದ್ದಿತು. ನನ್ನ ಹಪ್ಪಳದ ಬಿಸಿಲೂ ಹೋಯಿತು. ಆ ಸಿಟ್ಟಿಗೆ ಅಲ್ಲಿಯವರ ಹೆಸರನ್ನೂ ನಾನು ಕೇಳಲಿಲ್ಲ.

2024ರ ಮಾರ್ಚ್ ನಿಮಗೂ ನೆನಪಿರಬಹುದು. ಊರ ತುಂಬ ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದರು. ಒಂದು ಸಂಜೆ ಫ್ಲ್ಯಾಟಿನ ಹುಡುಗಿಯೊಬ್ಬಳು ಗೇಟಿನ ಹತ್ತಿರ ಬಂದು, "ಆಂಟಿ, ಎರಡು ಬಕೆಟ್ ನೀರು ಸಿಗತ್ತಾ? ಟ್ಯಾಂಕರ್ ಬಂದಿಲ್ಲ, ಪಾಪೂಗೆ ಭೇದಿ" ಅಂದಳು.

"ನಮಗೇ ಸಾಲದಮ್ಮ" ಅಂದುಬಿಟ್ಟೆ. ಸಂಪು ತುಂಬಿತ್ತು!

ರಾತ್ರಿ ನಿದ್ದೆ ಹತ್ತಲಿಲ್ಲ, ನೋಡಿ. ಸುಮಾರು ನೂರು ಕಿಲೋಮೀಟರು ದೂರದಿಂದ, ಅರ್ಧ ಕಿಲೋಮೀಟರು ಎತ್ತರಕ್ಕೆ ಪಂಪು ಮಾಡಿ ತರುವ ನೀರು. ಅದನ್ನು ನನ್ನದು ಅಂದೆನಲ್ಲ! ಬಾವಿ ತೋಡಿಸಿದಾಕೆಯೇ ಹಾಗನ್ನಲಿಲ್ಲ.

ಬೆಳಕು ಹರಿಯುತ್ತಲೇ ಎರಡು ಬಕೆಟ್ ತುಂಬಿ, ಕೆಲಸದವಳ ಜೊತೆ ಮೂರು ಮಹಡಿ ಹತ್ತಿದೆ. ಮಂಡಿನೋವು ಇರಲಿ, ನಾಚಿಕೆಯೇ ಹೆಚ್ಚು ನೋಯುತ್ತಿತ್ತು. ಬಾಗಿಲು ತೆರೆದ ಹುಡುಗಿಗೆ, "ಇನ್ಮೇಲೆ ಕೇಳ್ಬೇಡಮ್ಮ, ಬಂದು ತಗೊಂಡು ಹೋಗು" ಅಂದೆ. ಅವಳ ಕಣ್ಣು ತುಂಬಿತು. ನನ್ನದೂ.

ಆ ಬೇಸಿಗೆ ಪೂರ್ತಿ ಅಕ್ಕಿ ತೊಳೆದ ನೀರೇ ನಮ್ಮ ಕರಿಬೇವಿಗೆ, ಬಟ್ಟೆ ಜಾಲಿಸಿದ ನೀರೇ ಬಚ್ಚಲು ತೊಳೆಯಲು. ಹೀಗೆ ಉಳಿಸಿದರೆ ಇನ್ನೊಂದು ಮನೆಗೂ ಸಾಕಾಗುತ್ತದೆ. ನೀವೂ ಮಾಡಿ ನೋಡಿ.

ಮೊನ್ನೆ ಅದೇ ಹುಡುಗಿ ಪುಟ್ಟ ಬಟ್ಟಲು ಹಿಡಿದು ಬಂದಳು, ಹೆಪ್ಪಿಗೆ ಮೊಸರು ಬೇಕಂತೆ. ಕೇಳಲಿಲ್ಲ, ನೇರ ಅಡುಗೆಮನೆಗೇ ಬಂದಳು.