ಎಂಟು ವರ್ಷದ ಅಜ್ಜಾರು

ಹೋದ ಬೇಸಿಗೆಯಲ್ಲಿ ಬೆಂಗಳೂರಿನ ಮಗನ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಇಬ್ಬರು ಹುಡುಗರು ನಮ್ಮ ಗೇಟಿನ ನೆರಳಿಗೆ ನಿಂತಿದ್ದರು. ಬಿಳಿ ಅಂಗಿ, ಕರಿ ಪ್ಯಾಂಟು, ಟೈ, ಎದೆಯ ಮೇಲೆ ಕರಿ ಹೆಸರುಪಟ್ಟಿ. ಕೆಳಗಿನ ಮನೆಯವರನ್ನು ಕಾಣಲು ಬಂದವರು, ಬೀಗ ಹಾಕಿದ್ದರಿಂದ ಕಾಯುತ್ತಿದ್ದರು. ಪಟ್ಟಿಯ ಮೇಲೆ ಹೆಸರಿಗೆ ಮೊದಲು ‘ಎಲ್ಡರ್’ ಎಂದಿತ್ತು. ಮಗ ಹೇಳಿದ: ‘ಹಿರಿಯರು ಅಂತ ಅರ್ಥ ಅಪ್ಪಾ. ಮಾರ್ಮನ್ ಪಂಥದ ಪ್ರಚಾರಕರು ಇವರು.’ ಮೀಸೆ ಸರಿಯಾಗಿ ಮೂಡದವರಿಗೆ ಹಿರಿಯರು ಎಂಬ ಹೆಸರೇ ಎಂದು ಅವನಿಗೆ ಸೋಜಿಗ. ನನಗೆ ಸೋಜಿಗವೆನಿಸಲಿಲ್ಲ. ಎಂಟು ವರ್ಷದವನಿದ್ದಾಗಲೇ ನಮ್ಮೂರು ಅಳವಂಡಿಯ ಮುದುಕಿಯರು ನನ್ನನ್ನು ‘ಅಜ್ಜಾರ’ ಎಂದು ಕರೆದು ಕಾಲಿಗೆ ಹಣೆ ಹಚ್ಚಿದ್ದರು.

ನಮ್ಮದು ಜಂಗಮರ ಮನೆ. 1968ರಲ್ಲಿ ನನಗೆ ಅಯ್ಯಾಚಾರವಾಯಿತು. ದೀಕ್ಷೆಯ ಕೊನೆಗೆ ಹೆಗಲಿಗೆ ಕಾವಿ ಜೋಳಿಗೆ ಹಾಕಿ, ಕೈಗೆ ಬೆತ್ತ ಕೊಟ್ಟು ಭಿಕ್ಷೆಗೆ ನಿಲ್ಲಿಸಿದರು. ಮೊದಲ ಬೊಗಸೆ ನೀಡಿದವಳು ನನ್ನವ್ವ. ಆಮೇಲೆ ಸೋಮವಾರ, ಗುರುವಾರ ಶಾಲೆಗೆ ಮೊದಲು ಊರು ಸುತ್ತುವುದು ನನ್ನ ಪಾಲಿಗೆ ಬಂತು. ಮೊಳಕಾಲ ಕೆಳಗೆ ಅಜ್ಜನ ಕಾಲದ, ಗೆಜ್ಜೆಯಂಥ ಜಂಗು ಕಟ್ಟುತ್ತಿದ್ದರು. ಅದು ನನ್ನ ಕಾಲಿಗೆ ದೊಡ್ಡದು, ಜಾರಿ ಹಿಮ್ಮಡಿಗೆ ಬಡಿದು ಗಾಯ ಮಾಡುತ್ತಿತ್ತು. ಅವ್ವ ಹಳೆ ಸೀರೆಯ ಅಂಚು ಹರಿದು ಅದರ ಕೆಳಗೆ ಸುತ್ತುತ್ತಿದ್ದಳು.

ಅಜ್ಜನ ನೇಮ ಬಹಳ ಬಿಗಿ. ಬಾಯಿ ಬಿಟ್ಟು ಕೇಳಬಾರದು, ಜಂಗಿನ ಸಪ್ಪಳವೇ ಕೇಳಬೇಕು. ಕಟ್ಟೆಯ ಮುಂದೆ ನಿಂತು ಮನಸ್ಸಿನಲ್ಲಿ ಹನ್ನೊಂದು ಸಲ ‘ನಮಃ ಶಿವಾಯ’ ಎನ್ನುವ ಹೊತ್ತು ಕಾಯಬೇಕು, ಬರದಿದ್ದರೆ ಮುಖದ ಮೇಲೆ ಬೇಸರ ತರದೆ ಮುಂದಿನ ಮನೆಗೆ ನಡೆಯಬೇಕು. ನೀಡುವವರ ಕೈ ನೋಡಬೇಕೇ ಹೊರತು ಮುಖ ನೋಡಬಾರದು. ಹೀಗಾಗಿ ಊರಿನ ಅರ್ಧ ಹೆಣ್ಣುಮಕ್ಕಳನ್ನು ನಾನು ಕೈಯಿಂದಲೇ ಗುರುತಿಸುತ್ತಿದ್ದೆ. ಹತ್ತಿ ಬಿಡಿಸಿ ಗೀರುಬಿದ್ದ ಕೈ, ಬೀಸುವ ಕಲ್ಲಿನ ಗೂಟ ಹಿಡಿದು ದಡ್ಡುಗಟ್ಟಿದ ಕೈ, ಹಸಿಬಾಣಂತಿಯ ಅರಿಷಿಣದ ಕೈ. ಒಂದು ಮನೆಯಲ್ಲಿ ಬಳೆಯಿದ್ದ ಕೈ ಮುಂದಿನ ಸೋಮವಾರ ಬರಿದಾಗಿತ್ತು. ಅವತ್ತು ಹನ್ನೊಂದು ಎಣಿಸಲು ಆಗಲಿಲ್ಲ.

ಮನೆಗೆ ಬಂದಮೇಲೆ ಅವ್ವ ಜೋಳಿಗೆಯನ್ನು ಕಾಳು ಕೇರುವ ಮರದೊಳಗೆ ಸುರುವುತ್ತಿದ್ದಳು. ಒಂದೊಂದು ಮನೆಯ ಹಿಟ್ಟು ಒಂದೊಂದು ಬಣ್ಣ. ಎರಿ ಹೊಲದ ಮಾಲದಂಡಿ ಜೋಳದ್ದು ಬೆಳ್ಳಗೆ, ಸಜ್ಜೆಯದು ಬೂದಿಬಣ್ಣ, ನಡುವೆ ಯಾರೋ ಹಾಕಿದ ಕಡಲೆ ಹಿಟ್ಟಿನ ಹಳದಿ. ಎಲ್ಲ ಕಲೆತ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ರೊಟ್ಟಿ ಸೀಳುತ್ತದೆ. ಅವ್ವ ಕುದಿಯುವ ಎಸರು ಹೊಯ್ದು, ಬಿಸಿ ಇರುವಾಗಲೇ ನಾದಿ ನಾದಿ ಅದನ್ನು ಹದಕ್ಕೆ ತರುತ್ತಿದ್ದಳು. ನಾದುತ್ತಲೇ ಹೇಳುತ್ತಿದ್ದಳು: ‘ಈ ವಾರ ಮ್ಯಾಲಿನ ಓಣ್ಯಾಗ ಸಜ್ಜಿ ಹೆಚ್ಚ ಬಂತು. ಜ್ವಾಳ ತೀರ್ಯಾವು ಅವರ ಮನ್ಯಾಗ.’ ಮರುದಿನ ಆ ಓಣಿಯ ಮಕ್ಕಳಿಗೆ ನಮ್ಮ ಮನೆಯಿಂದಲೇ ರೊಟ್ಟಿ ಹೋಗುತ್ತಿತ್ತು. ಭಿಕ್ಷೆ ಎಂದರೆ ಬರೀ ತರುವುದು ಎಂದುಕೊಂಡವರಿಗೆ ಈ ಮಾತು ಹೇಳಬೇಕು. ಊರಿನ ಹಸಿವಿನ ಲೆಕ್ಕ ನಮ್ಮ ಮರದೊಳಗೆ ಇರುತ್ತಿತ್ತು.

1972ರ ಬರದಲ್ಲಿ ಆ ಲೆಕ್ಕವೇ ತಪ್ಪಿತು. ಮರದೊಳಗೆ ಒಂದೇ ಬಣ್ಣ, ರೇಷನ್ನಿನ ಕೆಂಪು ಜೋಳದ ಬಣ್ಣ. ಆ ವರ್ಷ ಅಜ್ಜ ಜಂಗು ಬಿಚ್ಚಿ ಗೂಟಕ್ಕೆ ಹಾಕಿದರು. ‘ಇದರ ಸಪ್ಪಳ ಕೇಳಿ ಅವರು ಮಕ್ಕಳ ತುತ್ತು ತಂದು ಹಾಕ್ಯಾರು, ಬ್ಯಾಡ’ ಎಂದರು. ಅದರ ಮರುವರ್ಷ ನನ್ನನ್ನು ಶಿವಯೋಗ ಮಂದಿರಕ್ಕೆ ಕಳಿಸಿದರು. ಓದೂ ಆಗುತ್ತದೆ, ಮನೆಯಲ್ಲಿ ಒಂದು ಹೊಟ್ಟೆ ಕಡಿಮೆಯೂ ಆಗುತ್ತದೆ. ಎರಡನೆಯ ಕಾರಣವನ್ನು ನನಗೆ ಯಾರೂ ಹೇಳಲಿಲ್ಲ, ನನಗೆ ಗೊತ್ತಿತ್ತು.

ಕೊಪ್ಪಳದಿಂದ ಗದಗಿಗೆ, ಗದಗಿನಿಂದ ಬಾದಾಮಿಗೆ ಮೀಟರ್ ಗೇಜ್ ರೈಲು. ಹಾನಗಲ್ಲ ಕುಮಾರ ಸ್ವಾಮಿಗಳು ಮಲಪ್ರಭೆಯ ದಂಡೆಗೆ 1909ರಲ್ಲಿ ಕಟ್ಟಿದ ಸಂಸ್ಥೆ ಈ ಮಂದಿರ. ಊರೂರು ಜೋಳಿಗೆ ಹಿಡಿದು ಕಟ್ಟಿದ್ದು. ನಾಡಿನ ಎಷ್ಟೋ ಮಠಗಳ ಸ್ವಾಮಿಗಳು ಅಲ್ಲಿ ವಟುಗಳಾಗಿದ್ದವರು. ನಸುಕಿನ ನಾಲ್ಕಕ್ಕೆ ಏಳುವುದು, ಹೊಳೆಯಲ್ಲಿ ಮೀಯುವುದು, ಲಿಂಗಪೂಜೆ, ಯೋಗ, ಅಮರಕೋಶದ ಬಾಯಿಪಾಠ, ಗೋಶಾಲೆಯ ಕೆಲಸ. ಸಗಣಿ ಒಣಗಿಸಿ ಸುಟ್ಟು, ಬೂದಿಯನ್ನು ನೀರಲ್ಲಿ ಕಲಸಿ ಅರಿವೆಯಲ್ಲಿ ಸೋಸಿ ವಿಭೂತಿಗಟ್ಟಿ ಮಾಡುವುದನ್ನು ಅಲ್ಲೇ ಕಲಿತೆ. ಚಳಿಗಾಲದಲ್ಲಿ ಆ ನೀರಿಗೆ ಬೆರಳು ಸೀಳುತ್ತಿದ್ದವು, ಬೂದಿ ಸೀಳಿನೊಳಗೆ ಇಳಿದು ಉರಿಯುತ್ತಿತ್ತು. ನನಗಿಂತ ಸಣ್ಣವರು ರಾತ್ರಿ ಹೊದಿಕೆಯೊಳಗೆ ಅಳುತ್ತಿದ್ದರು. ಹಗಲು ಅವರೇ ಭಕ್ತರ ಮುಂದೆ ಕೈಯೆತ್ತಿ ಹರಸಬೇಕಿತ್ತು. ವಟುವಿಗೆ ಊರಿಲ್ಲ, ಮನೆಯಿಲ್ಲ ಎಂದು ಹೇಳಿಕೊಡುತ್ತಿದ್ದರು. ಅಪ್ಪನಿಂದ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ.

ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದ ನಮ್ಮೂರಿನ ಚಕ್ಕಡಿಗಳಲ್ಲಿ ಅವ್ವನೂ ಒಮ್ಮೆ ಬಂದಳು. ಅಂಗಳದಲ್ಲಿ ನಾನು ಕಾವಿ ಉಟ್ಟು ನಿಂತಿದ್ದೆ. ಓಡಿ ಹೋಗಿ ಕುತ್ತಿಗೆಗೆ ಬೀಳಬೇಕು ಎನಿಸಿತು, ಹಿಂದೆ ಹಿರಿಯ ವಟುಗಳಿದ್ದರು. ಅವ್ವ ಸೆರಗು ಹೊದ್ದು ಬಂದು, ಎಲ್ಲರಂತೆ ಬಾಗಿ ನನ್ನ ಪಾದ ಮುಟ್ಟಿದಳು. ‘ಅಜ್ಜಾರ, ಆರಾಮ ಅದೀರೇನ್ರೀ?’ ಎಂದಳು. ‘ಹೂಂ’ ಎಂದೆ. ಸೀಳಿದ ನನ್ನ ಬೆರಳು ನೋಡಿದಳು, ಏನೂ ಅನ್ನಲಿಲ್ಲ. ಹೋಗುವಾಗ ಅರಿವೆಯಲ್ಲಿ ಕಟ್ಟಿದ ಗುರೆಳ್ಳು ಹಿಂಡಿ, ಸಜ್ಜಿ ರೊಟ್ಟಿ ಅಲ್ಲಿಟ್ಟು ಹೋದಳು.

ಅಪ್ಪ ಹಾಸಿಗೆ ಹಿಡಿದಾಗ ನಾನು ಮರಳಿ ಬಂದೆ, ಸ್ವಾಮಿಯಾಗಲಿಲ್ಲ. ಓದಿ ಮಾಸ್ತರನಾದೆ. ಮರಳಿದ ಮೇಲೂ ಬಹುದಿನ ಅವ್ವನ ಬಾಯಿಗೆ ‘ನೀ’ ಬರಲಿಲ್ಲ.

ಮಾಸ್ತರಿಕೆಯ ಜೊತೆಗೇ ಜೋಳಿಗೆ ಬದಲಾಗುವುದನ್ನು ನೋಡುತ್ತ ಬಂದೆ. ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆಗೆ ಸರಿದವು. ಹಿಟ್ಟಿನ ಬದಲು ಕಾಳು ಬಂತು, ಕಾಳಿನ ಬದಲು ಚಿಲ್ಲರೆ ಬಂತು. 2013ರಲ್ಲಿ ಅನ್ನಭಾಗ್ಯ ಶುರುವಾದಮೇಲೆ ಜೋಳದ ನಾಡಿನ ಜೋಳಿಗೆಯಲ್ಲಿ ಬರೀ ರೇಷನ್ ಅಕ್ಕಿ. ಎಲ್ಲರ ಮನೆಯದೂ ಒಂದೇ ಬಣ್ಣ. ಹಸಿವು ಕಡಿಮೆಯಾಗಿದ್ದಕ್ಕೆ ಸಂತೋಷಪಟ್ಟೆ, ಬರ ಕಂಡವನಿಗೆ ಅದು ದೊಡ್ಡ ಮಾತು. ಈಗ ಅಯ್ಯನವರ ಹುಡುಗರು ಜಂಗು ಕಟ್ಟುವುದಿಲ್ಲ, ಅಯ್ಯಾಚಾರದ ದಿನ ಫೋಟೊಗೆ ಒಮ್ಮೆ ಕಟ್ಟುತ್ತಾರೆ. ಜೋಳಿಗೆ ದೊಡ್ಡ ಮಠಗಳಲ್ಲಿ ಬೇರೆ ರೂಪದಲ್ಲಿದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ರೊಟ್ಟಿ ಹೋಗುತ್ತವೆ, ಆ ಮಠದ ನಿಲಯದಲ್ಲಿ ಬಡವರ ಮಕ್ಕಳು ಉಂಡು ಓದುತ್ತಾರೆ. ನನ್ನ ಶಿಷ್ಯರೂ ಅಲ್ಲಿದ್ದು ಓದಿದ್ದಾರೆ. ಅದು ಜೋಳಿಗೆಯ ಒಳ್ಳೆಯ ಬದಲಾವಣೆ.

ಒಂದು ಮಾತು ಬಿಟ್ಟರೆ ಈ ನೆನಪು ಸುಳ್ಳಾಗುತ್ತದೆ. ನನ್ನ ಜೋಳಿಗೆ ದಲಿತರ ಕೇರಿಗೆ ಹೋಗಲಿಲ್ಲ. ಒಂದು ಮುಂಜಾನೆ ಆ ಕೇರಿಯ ಹೆಣ್ಣುಮಗಳೊಬ್ಬಳು ಸೆರಗಿನಲ್ಲಿ ಜೋಳ ಹಿಡಿದು ದಾರಿಯ ಅಂಚಿಗೆ ನಿಂತಿದ್ದಳು. ಮನೆಯಲ್ಲಿ ಹೇಳಿದ್ದು ನೆನಪಾಗಿ ನಾನು ಹಾಗೇ ದಾಟಿಹೋದೆ. ಊರಿನ ಹಸಿವಿನ ಲೆಕ್ಕ ನಮ್ಮಲ್ಲಿತ್ತು ಎಂದೆನಲ್ಲ, ಅದರಲ್ಲಿ ಆ ಕೇರಿ ಇರಲಿಲ್ಲ. ತಪ್ಪು ಮಾಡಿದೆ. ಮಾಸ್ತರನಾದ ಮೇಲೆ ಆ ಕೇರಿಯ ಮಕ್ಕಳಿಗೆ ಅಕ್ಷರ ಹೇಳಿದೆ, ಅವರ ಮನೆಗಳಲ್ಲಿ ಉಂಡೆ. ಆ ತಾಯಿ ಆಗ ಬದುಕಿರಲಿಲ್ಲ.

ಆ ಇಬ್ಬರು ಹುಡುಗರನ್ನು ಒಳಗೆ ಕರೆದು ನೀರು ಕೊಟ್ಟೆ. ಸೊಸೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಒಬ್ಬ ರಾಜಮಂಡ್ರಿ ಕಡೆಯವನು, ಅರೆಬರೆ ಕನ್ನಡ ಕಲಿತಿದ್ದ. ಕೇಳಿದ್ದಕ್ಕೆಲ್ಲ ಹೇಳಿದ. 1830ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಂಥವಂತೆ. ಹುಡುಗರಿಗೆ ಹದಿನೆಂಟು ತುಂಬಿದ ಮೇಲೆ ಎರಡು ವರ್ಷ ಈ ಸೇವೆ. ಎಲ್ಲಿಗೆ ಎಂಬುದನ್ನು ಸಭೆಯೇ ಗೊತ್ತು ಮಾಡುತ್ತದೆ. ಅಮೆರಿಕದ ಹುಡುಗರು ಎಷ್ಟೋ ಜನ ಕಡಲಾಚೆಯ ದೇಶಗಳಿಗೆ, ಭಾಷೆ ಗೊತ್ತಿಲ್ಲದ ಊರುಗಳಿಗೆ ಹೋಗುತ್ತಾರೆ. ಒಬ್ಬರೇ ತಿರುಗುವಂತಿಲ್ಲ, ಸದಾ ಜೋಡಿ. ಬೆಳಗಿನ ಆರೂವರೆಗೆ ಏಳುವುದು, ಪ್ರಾರ್ಥನೆ, ಓದು, ಆಮೇಲೆ ತಿರುಗಾಟ. ಬಟ್ಟೆ ಒಗೆಯಲು, ಸಂತೆ ಮಾಡಲು ವಾರಕ್ಕೊಂದು ದಿನ. ಬೆಂಗಳೂರಿನಲ್ಲಿ ಅವರ ಕೇಂದ್ರ 1993ರಿಂದ ಇದೆ. ಅವರ ನಂಬಿಕೆ ನನ್ನದಲ್ಲ, ಅವನೂ ಅದರ ಮಾತು ತೆಗೆಯಲಿಲ್ಲ. ಉಣ್ಣುವಾಗ ಅವನ ಬೂಟಿಲ್ಲದ ಕಾಲು ಕಂಡವು. ಹಿಮ್ಮಡಿಗೆ ಪಟ್ಟಿ ಅಂಟಿಸಿದ್ದ.

‘ಅವ್ವನ ಕೂಡ ಯಾವಾಗ ಮಾತಾಡಿದ್ಯಪಾ?’ ಎಂದೆ.

‘ಸೋಮವಾರ’ ಎಂದ. ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಬಹುದಂತೆ. 2019ರ ಫೆಬ್ರವರಿಗೆ ಮೊದಲು ಹೋದವರಿಗೆ ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಒಮ್ಮೆ, ತಾಯಂದಿರ ದಿನಕ್ಕೆ ಒಮ್ಮೆ.

ನಾನು ಮಂದಿರದಲ್ಲಿದ್ದದ್ದು ಎರಡು ವರ್ಷ ಮೂರು ತಿಂಗಳು. ಅಷ್ಟರಲ್ಲಿ ಅವ್ವನ ದನಿ ಕೇಳಿದ್ದು ಬನಶಂಕರಿ ಜಾತ್ರೆಯ ಆ ಒಂದು ದಿನ.