ಶಾಸನದ ಮುಂದೆ ಎರಡು ಕ್ಯಾಮೆರಾ

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಹಾಸುಬಂಡೆಯ ಮೇಲೆಯೇ ಕೊರೆದಿರುವ ಶಾಸನಗಳಿಗೆ ನಡುಹಗಲಿನ ಬೆಳಕು ಒಗ್ಗುವುದಿಲ್ಲ. ಸೂರ್ಯ ನೆತ್ತಿಯ ಮೇಲಿರುವಾಗ ಸವೆದ ಅಕ್ಷರವೂ ಕಲ್ಲಿನ ಸಹಜ ಒರಟೂ ಒಂದೇ ಆಗಿ ಕಾಣುತ್ತವೆ. ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲು ಬಿದ್ದಾಗ ಮಾತ್ರ ಕೊರೆದ ಗೆರೆಯ ಒಂದು ಅಂಚು ಬೆಳಗಿ, ಇನ್ನೊಂದು ನೆರಳಾಗಿ, ಅಕ್ಷರ ಎದ್ದು ನಿಲ್ಲುತ್ತದೆ. ಆ ಬಿಸಿಲು ಹೆಚ್ಚು ಹೊತ್ತು ಇರುವುದಿಲ್ಲ. 1889ರಲ್ಲಿ ಬಿ. ಎಲ್. ರೈಸ್ ಇಲ್ಲಿನ ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ಯರು ಆ ಸಂಪುಟವನ್ನು ಪರಿಷ್ಕರಿಸಿ ವಿಸ್ತರಿಸಿದರು. ಅವರ ನಂತರದ ನಾವು ಕಲ್ಲನ್ನೂ ಪಡಿಯಚ್ಚನ್ನೂ ನೋಡುವುದರ ಜೊತೆಗೆ ಛಾಯಾಚಿತ್ರವನ್ನು ನೆಚ್ಚತೊಡಗಿದ್ದೇವೆ. ಹಾಗೆ ನೆಚ್ಚಿದ ಮೇಲೆ, ಕೈಯಲ್ಲಿರುವ ಉಪಕರಣವನ್ನು ಬೆರಳು ಎಷ್ಟು ಬಲ್ಲದು ಎಂಬುದು ಪಾಠನಿರ್ಣಯಕ್ಕೂ ಸೇರಿದ ಪ್ರಶ್ನೆಯಾಗುತ್ತದೆ.

ನನ್ನದು ಹಳೆಯ ನಿಕಾನ್ ಡಿ700, ಕಾಲೇಜಿನದು ಕ್ಯಾನನ್. ಒಂದಕ್ಕೆ ಬಿಡಿ ಅಕ್ಷರವನ್ನು ಹಿಡಿಯುವ ಮ್ಯಾಕ್ರೋ ಲೆನ್ಸ್, ಇನ್ನೊಂದಕ್ಕೆ ಇಡೀ ಬಂಡೆಯನ್ನು ಹಿಡಿಯುವ ಲೆನ್ಸ್. ಬಿಸಿಲು ಇಳಿಯುತ್ತಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳಬೇಕು. ಎದುರಿನಿಂದ ನೋಡಿದರೆ ಕ್ಯಾನನ್ ಲೆನ್ಸ್ ಪ್ರದಕ್ಷಿಣವಾಗಿ ತಿರುಗಿ ಕೂಡುತ್ತದೆ, ನಿಕಾನ್ ಅಪ್ರದಕ್ಷಿಣವಾಗಿ. 1959ರ ಎಫ್ ಮೌಂಟಿನಿಂದ ನಿಕಾನ್ ಈ ದಿಕ್ಕನ್ನು ಬಿಟ್ಟಿಲ್ಲ. (ಬಸದಿಯ ಅಂಗಳದಲ್ಲಿ ಕುಳಿತು ಏನನ್ನಾದರೂ ಅಪ್ರದಕ್ಷಿಣವಾಗಿ ತಿರುಗಿಸುವುದೆಂದರೆ ನನಗೆ ಇಂದಿಗೂ ಸ್ವಲ್ಪ ಮುಜುಗರ.) ಫೋಕಸ್ ಉಂಗುರವೂ ಎರಡರಲ್ಲಿ ಎದುರುಬದುರು ದಿಕ್ಕಿನದು. ಚಾಲೂ ಮಾಡುವ ಸ್ವಿಚ್ಚು ನಿಕಾನಿನಲ್ಲಿ ಬಲಗೈಯ ತೋರುಬೆರಳಿನ ಬಳಿ, ಶಟರ್ ಗುಂಡಿಯ ಸುತ್ತ. ನಮ್ಮ ಕ್ಯಾನನ್‌ನಲ್ಲಿ ಎಡಗಡೆ.

ಇವೆಲ್ಲ ಸಣ್ಣವು. ನಿಜವಾಗಿ ತೊಡಕಾಗುವುದು ಬೆಳಕಿನ ಅಳತೆಪಟ್ಟಿ. ಕ್ಯಾನನ್‌ನಲ್ಲಿ ಕಳೆಯುವ ಚಿಹ್ನೆ ಎಡಕ್ಕೆ, ಕೂಡುವ ಚಿಹ್ನೆ ಬಲಕ್ಕೆ. ಹಳೆಯ ನಿಕಾನ್‌ಗಳಲ್ಲಿ ಇದು ತಿರುಗುಮುರುಗು. ಎಡಕ್ಕೆ ಸರಿದ ಗೆರೆಯನ್ನು ಕಣ್ಣು ‘ಬೆಳಕು ಸಾಲದು’ ಎಂದು ಓದಿ, ಕೈ ಇನ್ನಷ್ಟು ಬೆಳಕನ್ನು ಒಳಬಿಟ್ಟರೆ, ಬಂಡೆಯ ಮೇಲ್ಮೈ ಪೂರ್ತಿ ಬಿಳಿಚಿಕೊಳ್ಳುತ್ತದೆ. ಹಾಗೆ ಬಿಳಿಚಿದ ಕಡೆ ಅಕ್ಷರದ ಅಂಚು ದಾಖಲಾಗಿರುವುದೇ ಇಲ್ಲ. ಗಣಕದಲ್ಲಿ ಎಷ್ಟು ತಿದ್ದಿದರೂ ಅದು ಮರಳದು. ಬ್ರ್ಯಾಂಡ್ ಬದಲಾದರಷ್ಟೇ ಈ ಕಷ್ಟ ಎಂದುಕೊಳ್ಳಬೇಕಾಗಿಲ್ಲ. ಡಿ700ರಲ್ಲಿ ತೆರೆಯ ಎಡಬದಿಗಿದ್ದ ಹಿಗ್ಗಿಸುವ ಮತ್ತು ಕುಗ್ಗಿಸುವ ಗುಂಡಿಗಳು 2012ರ ಡಿ800ರಲ್ಲಿ ಪರಸ್ಪರ ಸ್ಥಳ ಬದಲಿಸಿದವು. ಕಂಡದ್ದು ಸೊನ್ನೆಯೋ ಕಲ್ಲಿನ ಕುಳಿಯೋ ಎಂದು ಸ್ಥಳದಲ್ಲೇ ಹಿಗ್ಗಿಸಿ ನೋಡುವವರಿಗೆ ಇದರ ಕಿರಿಕಿರಿ ಗೊತ್ತು.

ಹಸ್ತಪ್ರತಿ ಓದುವವರಿಗೆ ಇದು ಹೊಸ ಅನುಭವವೇನಲ್ಲ. ಒಬ್ಬ ಲಿಪಿಕಾರನ ಕೈಬರಹದಿಂದ ಇನ್ನೊಬ್ಬನದಕ್ಕೆ ಹೋದಾಗ ಮೊದಲ ಕೆಲವು ಗರಿಗಳು ನಿಧಾನ. ಹ್ರಸ್ವ ದೀರ್ಘ ಎಕಾರಗಳ ಭೇದವನ್ನು ಬರಹ ತೋರಿಸದು, ಮಕಾರ ವಕಾರಗಳು ಒಂದನ್ನೊಂದು ಹೋಲುತ್ತವೆ. ಬರಬರುತ್ತ ಕಣ್ಣು ಪಳಗುತ್ತದೆ. ಆದರೆ ನನ್ನ ಗಮನಕ್ಕೆ ಬಂದಿರುವ ಒಂದು ಸಂಗತಿಯನ್ನು ಹೇಳಬೇಕು. ನಾಗರಿಯಿಂದ ಕನ್ನಡಕ್ಕೆ ದಾಟುವಾಗ ಯಾರೂ ತಡವರಿಸುವುದಿಲ್ಲ. ಒಂದೇ ಮೂಲದ ತೆಲುಗು ಲಿಪಿಯಿಂದ ಕನ್ನಡಕ್ಕೆ ಬರುವಾಗ ತಡವರಿಸುತ್ತೇವೆ. ಗೊಂದಲ ಹುಟ್ಟುವುದು ಭೇದದಿಂದಲ್ಲ, ಸಾಮ್ಯದಿಂದ. ಮೊಬೈಲಿನಲ್ಲಿ ಚಿತ್ರ ತೆಗೆದು ಬಂದ ಕೈಗೆ ನಿಕಾನ್ ಗೊಂದಲವೆನಿಸದು. ಕ್ಯಾನನ್ ಹಿಡಿದು ಬಂದ ಕೈಗೆ ಎನಿಸುತ್ತದೆ. ಅನಂತಸುಬ್ಬರಾಯರ ಟೈಪ್‌ರೈಟರ್ ಕೀಲಿಮಣೆಯಲ್ಲಿ ನುರಿತ ಹಿರಿಯ ಸಹೋದ್ಯೋಗಿಯೊಬ್ಬರು ನುಡಿ ಕೀಲಿಮಣೆಗೆ ಬಂದಾಗಲೂ ಇದನ್ನೇ ಕಂಡೆ. ಇಂಗ್ಲಿಷ್ ಬೆರಳಚ್ಚಿಗೆ ಅವರ ಬೆರಳು ಸಲೀಸಾಗಿ ಹೋಗಿಬರುತ್ತಿತ್ತು.

ನಿಕಾನಿನ ಅಳತೆಪಟ್ಟಿಯ ದಿಕ್ಕನ್ನೂ ಡಯಲ್ ತಿರುಗುವ ದಿಕ್ಕನ್ನೂ ಮೆನುವಿನಲ್ಲಿ ಬದಲಿಸಬಹುದು. ನಾನು ಬದಲಿಸಿದ್ದೇನೆ. ಕಾಲೇಜಿನ ಕ್ಯಾಮೆರಾವನ್ನು ಮಾತ್ರ ಕಾರ್ಖಾನೆಯಿಂದ ಬಂದಂತೆಯೇ ಇಡುತ್ತೇನೆ. ಸಂಶೋಧನಾ ವಿದ್ಯಾರ್ಥಿಯೊಬ್ಬರು ಇದಕ್ಕೆ ಒಪ್ಪುವುದಿಲ್ಲ: “ಎರಡನ್ನೂ ನಮಗೆ ಬೇಕಾದ ಹಾಗೆ ಹೊಂದಿಸಿಕೊಂಡರಾಯಿತಲ್ಲ ಸರ್?” ಅವರ ವಾದದಲ್ಲಿ ಹುರುಳಿದೆ. ಆದರೂ ಹಲವರು ಓದುವ ಗ್ರಂಥಾಲಯದ ಪ್ರತಿಯ ಅಂಚಿನಲ್ಲಿ ಒಬ್ಬರು ತಮ್ಮ ಟಿಪ್ಪಣಿ ಬರೆದಿಡುವುದನ್ನು ನಾನು ಒಪ್ಪಲಾರೆ. ಹಲವರ ಕೈಗೆ ಹೋಗುವ ಕ್ಯಾಮೆರಾ ಕೂಡ ಅಂಥದೇ.

ಉಂಗುರದ ದಿಕ್ಕನ್ನು ಯಾವ ಮೆನುವೂ ಬದಲಿಸದು. ಅದಕ್ಕೆ ಅಭ್ಯಾಸವೊಂದೇ ದಾರಿ. ಬೆಟ್ಟ ಹತ್ತುವ ಹಿಂದಿನ ರಾತ್ರಿ, ತಂಗಿದ ಕೋಣೆಯ ದೀಪ ಆರಿಸಿ, ಎರಡೂ ಕ್ಯಾಮೆರಾಗಳ ಲೆನ್ಸುಗಳನ್ನು ಹತ್ತು ಹತ್ತು ಸಲ ಬಿಚ್ಚಿ ಕೂಡಿಸುತ್ತೇವೆ. ಕತ್ತಲೆಯಲ್ಲಿ ಕೂತು ಇದೇನು ಜಪವೇ ಎಂದು ವಿದ್ಯಾರ್ಥಿಗಳು ಮೊದಮೊದಲು ನಕ್ಕರು. ಈಗ ಅವರೇ ಎಣಿಸುತ್ತಾರೆ.